ಸಂಡಿಗೆಯಂಥ ಬೆಸುಗೆ

ಅದು ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಹೆಂಡತಿ ಆರು ಎನ್ನುತ್ತಾಳೆ. ಆಧಾರವೇನೆಂದು ಕೇಳಿದರೆ, ಮಿಕ್ಸಿ ಸುಟ್ಟುಹೋದ ವರ್ಷ ಅದು ಎನ್ನುತ್ತಾಳೆ. ಮಿಕ್ಸಿ ಸುಟ್ಟದ್ದೇ ನನಗೆ ನೆನಪಿಲ್ಲ, ಹಾಗಾಗಿ ವಾದ ಅಲ್ಲಿಗೇ ನಿಲ್ಲುತ್ತದೆ. ನನಗೆ ಚೆನ್ನಾಗಿ ನೆನಪಿರುವುದು ಅಪ್ಪನ ಮಂಡಿ.

ಅಪ್ಪನ ಬಲ ಮಂಡಿಗೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಇಂದಿರಾನಗರದ ನಮ್ಮ ಮನೆಯಲ್ಲಿ ತಾರಸಿಗೆ ಹೋಗುವ ಮೆಟ್ಟಿಲು ಹೊರಗಡೆ ಇತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಮನೆ ಕಟ್ಟಿಸುವಾಗ ಕಂಬಿ ಆಮೇಲೆ ಹಾಕಿಸೋಣ ಎಂದಿದ್ದವರು ಅಪ್ಪನೇ, ಆ ಆಮೇಲೆ ಇಪ್ಪತ್ತು ವರ್ಷವಾದರೂ ಬಂದಿರಲಿಲ್ಲ. ಬೆಳಗಿನ ಬಿಸಿಲಿನಲ್ಲಿ ತಾರಸಿಯ ಮೇಲೆ ಪೇಪರ್ ಓದದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಹಿಡಿದುಕೊಳ್ಳಲು ಗಟ್ಟಿಯಾದದ್ದೇನಾದರೂ ಇದ್ದರೆ ಮಾತ್ರ ಹತ್ತಿ ಎಂದಿದ್ದರು ಡಾಕ್ಟರು. ಅಪ್ಪ ಎರಡು ತಿಂಗಳಿಂದ ನಡುಮನೆಯಲ್ಲಿ ಕೂತು ಎಲ್ಲರ ಮೇಲೂ ರೇಗುತ್ತಿದ್ದರು.

ಹಲಸೂರಿನ ಯಾವ ವೆಲ್ಡಿಂಗ್ ಅಂಗಡಿಯವನನ್ನು ಕರೆದಿದ್ದರೂ ಅರ್ಧ ದಿನದ ಕೆಲಸ. ಆದರೆ ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಕಾಲೇಜಿನಲ್ಲಿ ಪಾಠ ಮಾಡುವವನು. ಪ್ರತಿ ಎರಡು ವರ್ಷಕ್ಕೊಂದು ಹೊಸ ಹುಚ್ಚು ಹಿಡಿಸಿಕೊಳ್ಳುವವನೂ ಹೌದು. ಶಿವಾಜಿನಗರದ ಗುಜರಿ ಸಾಲಿನಲ್ಲಿ ಒಂದು ಹಳೇ ಮಿಗ್ ವೆಲ್ಡಿಂಗ್ ಮಿಷನ್ ಆಗಷ್ಟೇ ಕೊಂಡಿದ್ದೆ. ಇದರಲ್ಲಿ ಕಡ್ಡಿ ಬದಲಾಯಿಸುವ ರಗಳೆ ಇಲ್ಲ. ಸುರುಳಿಯಿಂದ ತೆಳು ತಂತಿ ತಾನಾಗಿ ಗನ್ನಿನ ಮೂತಿಗೆ ಬರುತ್ತದೆ, ಸುತ್ತ ಗ್ಯಾಸ್ ಊದಿ ಗಾಳಿ ತಾಗದಂತೆ ಕಾಯುತ್ತದೆ. ಗುಂಡಿ ಒತ್ತುವುದು, ಎಳೆಯುವುದು, ಅಷ್ಟೇ. ಪುಸ್ತಕದಲ್ಲಿ ಹಾಗೇ ಬರೆದಿತ್ತು.

ತೊಂದರೆ ಏನೆಂದರೆ, ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ತಪಾಸಣೆ ಮಾಡಿದ್ದವರು. ಜೀವಮಾನವೆಲ್ಲ ಬೇರೆಯವರ ಕೆಲಸ ಸರಿಯಿಲ್ಲ ಎಂದು ಹೇಳಿ ಸಂಬಳ ತೆಗೆದುಕೊಂಡ ಮನುಷ್ಯ. ಮೆಟ್ಟಿಲಿಗೆ ಬಿಗಿದ ಕಬ್ಬಿಣದ ತಗಡಿಗೆ ಮೊದಲ ಕಂಬ ಬೆಸೆದ ದಿನ ಕುರ್ಚಿಯನ್ನು ಮೆಟ್ಟಿಲ ಬುಡಕ್ಕೆ ಹಾಕಿಸಿಕೊಂಡು, ಕನ್ನಡಕ ಹಣೆಗೆ ಏರಿಸಿ, ಬಗ್ಗಿ ನೋಡಿದರು.

"ಏನೋ ಇದು?"

"ವೆಲ್ಡಿಂಗು."

"ಸಂಡಿಗೆ ಇಟ್ಟಂಗಿದೆಯಲ್ಲೋ. ಒಣಗಿದ ಮೇಲೆ ಕಿತ್ತು ಎಣ್ಣೇಲಿ ಕರೀತೀಯಾ?"

ಬೈಗುಳವಾದರೂ ವರ್ಣನೆ ನಿಖರವಾಗಿತ್ತು. ಕರಗಿದ ಲೋಹ ಪೈಪಿನೊಳಕ್ಕೆ ಇಳಿಯದೆ, ಮೇಲೇ ಗುಪ್ಪೆ ಗುಪ್ಪೆಯಾಗಿ ಕೂತಿತ್ತು. ಗುಂಡಿ ಒತ್ತಿದಾಗಲೆಲ್ಲ ತಂತಿ ಕರಗುವ ಬದಲು ಪೈಪಿಗೆ ಗುದ್ದಿ ನನ್ನ ಕೈಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಮಾರನೆಯ ದಿನ ಶಾಖ ಜಾಸ್ತಿಯಾಗಲೆಂದು ಮಿಷನ್ನಿನ ತಿರುಗಣಿಯನ್ನು ಎರಡು ಗೆರೆ ಮುಂದಕ್ಕೆ ತಿರುಗಿಸಿದೆ. ಪೈಪಿನಲ್ಲಿ ಬೆರಳು ತೂರುವಷ್ಟು ತೂತು ಬಿತ್ತು. ಹೆದರಿ ಹಿಂದಕ್ಕೆ ತಿರುಗಿಸಿದೆ. ಅದರ ಮಾರನೆಯ ದಿನ ಮತ್ತೆ ಸಂಡಿಗೆ.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಒಂದು ನೋಟ್ ಪುಸ್ತಕ ತೆರೆದೆ. ದಿನಕ್ಕೊಂದು ಸಂಗತಿಯನ್ನಷ್ಟೇ ಬದಲಾಯಿಸಿ ಫಲಿತಾಂಶ ಬರೆಯುವುದು ಎಂದು ಶಪಥ. ಪೈಪಿನ ತುಕ್ಕು ಉಜ್ಜಿದೆ. ಅರ್ತಿಂಗ್ ಕ್ಲಿಪ್ಪು ಬಣ್ಣದ ಮೇಲೆ ಕೂತಿದೆಯೆಂದು ಅನುಮಾನಪಟ್ಟು ಬಣ್ಣ ಕೆರೆದೆ. ಗನ್ನಿನ ತುದಿ ಬದಲಾಯಿಸಿದೆ, ತಂತಿಯ ವೇಗ ಇಳಿಸಿದೆ. ಗಾಳಿ ಗ್ಯಾಸನ್ನು ಹೊತ್ತೊಯ್ಯುತ್ತಿದೆಯೆಂದು ಹೆಂಡತಿಯ ಎರಡು ಹಳೇ ಸೀರೆಗಳನ್ನು ಮೆಟ್ಟಿಲಿಗೆ ಪರದೆ ಕಟ್ಟಿ, ಅವಕ್ಕೆ ಕಿಡಿ ಹಾರಿಸಿ ತೂತು ಮಾಡಿದೆ. ಬೆಸುಗೆ ಒಂದು ದಿನ ಕೆಟ್ಟದಾಗಿ, ಒಂದು ದಿನ ಚೆನ್ನಾಗಿ ಬರುತ್ತಲೇ ಇತ್ತು. ಚೆನ್ನಾಗಿ ಬಂದ ದಿನವೆಲ್ಲ ಅವತ್ತು ಮಾಡಿದ ಬದಲಾವಣೆಯೇ ಕಾರಣ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಇದೇ ತಪ್ಪಿಗೆ ನನ್ನ ವಿದ್ಯಾರ್ಥಿಗಳ ಮಾರ್ಕ್ಸ್ ಕತ್ತರಿಸುತ್ತಿದ್ದೆ.

ಕೊನೆಗೆ ಮಿಷನ್ನೇ ಕೆಟ್ಟಿದೆ ಎಂದು ತೀರ್ಮಾನಿಸಿ ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಮಾರಿದ ಸಾಹೇಬರು ಪ್ಲಗ್ ಹಾಕಿ, ಕರಿ ಗಾಜು ಕೂಡ ಹಿಡಿಯದೆ ಮುಖ ಆಚೆ ತಿರುಗಿಸಿಕೊಂಡು, ಎರಡು ತಗಡು ಬೆಸೆದು ನನ್ನ ಮುಂದೆ ಎಸೆದರು. ಒಂದೇ ಸಮನೆ, ಹೊಲಿಗೆ ಹಾಕಿದಂತೆ.

"ನಮ್ ಹತ್ರ ಫಸ್ಟ್‌ಕ್ಲಾಸ್ ಓಡ್ತೈತೆ. ನಿಮ್ ಮನೇಲಿ ಓಡಲ್ಲ ಅಂದ್ರೆ ಮಿಷೀನಿಗೆ ನಿಮ್ ಮನೆ ಹಿಡಿಸ್ಲಿಲ್ಲ ಸಾರ್."

ಇಷ್ಟಾದರೂ, ಕೆಟ್ಟದ್ದು ಮಿಷನ್ನಲ್ಲ ಮನೆ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಹೇಗೆ ಎಂಬುದರ ಬಗ್ಗೆ ಎರಡು ಕಥೆಗಳಿವೆ. ನನ್ನ ನೆನಪಿನಲ್ಲಿ, ನೋಟ್ ಪುಸ್ತಕದ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ನಾನೇ ಕಂಡುಹಿಡಿದೆ. ಹೆಂಡತಿಯ ಪ್ರಕಾರ, ಅವಳು ಅಡುಗೆಮನೆಯ ಕಿಟಕಿಯಿಂದಲೇ ಹೇಳಿದ್ದಳು:

"ರೀ, ಕಾವೇರಿ ನೀರು ಬಿಡೋ ದಿನಾನೇ ನಿಮ್ ಸಂಡಿಗೆ. ಅವತ್ತು ಬೀದಿಯೋರೆಲ್ಲ ಮೋಟಾರ್ ಹಾಕ್ತಾರಲ್ಲ, ನನ್ ಮಿಕ್ಸೀನೇ ತಿರುಗಲ್ಲ, ಇನ್ ನಿಮ್ದೆಲ್ಲಿ ಓಡತ್ತೆ?"

ಪುಸ್ತಕ ಈಗಲೂ ನನ್ನ ಬಳಿ ಇದೆ. ಆ ಪುಟದಲ್ಲಿ "ನೀರಿನ ದಿನ" ಎಂದು ಬರೆದಿರುವುದು ಅವಳ ಅಕ್ಷರದಲ್ಲಿ. ನಾನು ಹೇಳಿ ಬರೆಸಿರಬಹುದು.

ವಿಷಯ ಅಷ್ಟೇ ಆಗಿತ್ತು. ನಮಗೆ ದಿನ ಬಿಟ್ಟು ದಿನ ಬೆಳಗ್ಗೆ ನೀರು. ನಾನು ವೆಲ್ಡಿಂಗ್ ಮಾಡುತ್ತಿದ್ದದ್ದೂ ಕಾಲೇಜಿಗೆ ಹೊರಡುವ ಮುಂಚಿನ ಅದೇ ಎರಡು ಗಂಟೆ. ಬೀದಿಯ ಎಲ್ಲ ಮೋಟಾರುಗಳೂ ಒಟ್ಟಿಗೆ ಗುಂಯ್‌ಗುಡುವಾಗ ವೋಲ್ಟೇಜ್ ನೆಲ ಕಚ್ಚುತ್ತಿತ್ತು. ಮೀಟರ್ ಹಿಡಿದು ನೋಡಿದೆ: ಇನ್ನೂರ ಮೂವತ್ತು ಇರಬೇಕಾದಲ್ಲಿ ನೂರ ಎಂಬತ್ತೂ ಇರಲಿಲ್ಲ. ಎಲ್ಲವನ್ನೂ ಅಳೆದಿದ್ದ ಭೌತಶಾಸ್ತ್ರದ ಮೇಷ್ಟ್ರು ಕರೆಂಟನ್ನು ಮಾತ್ರ ಅಳೆದಿರಲಿಲ್ಲ. ಅವಮಾನ ಪೂರ್ತಿಯಾಗಲೆಂದೋ ಏನೋ, ಬೀದಿಯಲ್ಲಿ ಮೊದಲು ಶುರುವಾಗುತ್ತಿದ್ದದ್ದು ನಮ್ಮದೇ ಮೋಟಾರು.

ಇಲ್ಲಿಗೆ ಮುಗಿದಿದ್ದರೆ ತಮಾಷೆ. ಆದರೆ ಅಷ್ಟರಲ್ಲಿ ಆರೂ ಕಂಬ ನಿಲ್ಲಿಸಿ, ಮೇಲೆ ಪೈಪ್ ಕೂರಿಸಿ, ಗುಪ್ಪೆಗಳನ್ನೆಲ್ಲ ಗ್ರೈಂಡರಿನಲ್ಲಿ ಸವರಿ, ಹಸಿರು ಬಣ್ಣ ಬಳಿದಾಗಿತ್ತು. ಈಗ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅಪ್ಪ ಸೋಮವಾರ ಹತ್ತುತ್ತೇನೆಂದು ಹೇಳಿ, ಹೊಸ ಚಪ್ಪಲಿ ಕೂಡ ತರಿಸಿಕೊಂಡಿದ್ದರು. ಯಾವ ಕಂಬ ಯಾವ ದಿನದ್ದು? ಎರಡನೆಯದರ ನಂತರ ಪುಸ್ತಕದಲ್ಲಿ ಕಂಬದ ಲೆಕ್ಕ ಬರೆಯುವುದನ್ನೇ ಬಿಟ್ಟಿದ್ದೆ. ಎರಡು, ಮೂರು, ಐದು ಗಟ್ಟಿ ಎಂದು ಬರೀ ನೆನಪಿನ ಮೇಲೆ ನನಗೆ ಖಾತ್ರಿಯಿತ್ತು. ಬಾಕಿ ಮೂರನ್ನು ಸದ್ದಿಲ್ಲದೆ ಕತ್ತರಿಸಿ ಸರಿಮಾಡಿಬಿಡೋಣ ಅನ್ನಿಸಿದ್ದೂ ನಿಜ. ಒಂದು ದಿನ ಪೂರ್ತಿ ಬಾಯಿ ಬಿಡಲಿಲ್ಲ. ಭಾನುವಾರ ಹೇಳಿದೆ.

ಅಪ್ಪ ಬೈಯಲಿಲ್ಲ. ಸುತ್ತಿಗೆ ಕೇಳಿದರು.

"ಯಾವ್ದು ಗಟ್ಟಿ ಅಂದೆ?"

"ಮೂರನೇದು. ಅದಂತೂ ಗ್ಯಾರಂಟಿ."

"ಹೊಡಿ ಅದಕ್ಕೆ."

"ಅದು ಚೆನ್ನಾಗಿದೆ ಅಂತ ಹೇಳಿದ್ನಲ್ಲಪ್ಪ."

"ಚೆನ್ನಾಗಿದ್ರೆ ನಿನ್ ಪೆಟ್ಟಿಗೆ ಏನಾಗತ್ತೆ? ಹೊಡಿಯೋ."

ಎರಡನೇ ಪೆಟ್ಟಿಗೆ ಕಂಬದ ಬುಡ ಟಪ್ಪೆಂದು ಕಳಚಿ, ಗಾಳಿಯಲ್ಲಿ ತೂಗಾಡಿತು. ಬುಡದಲ್ಲಿ ನೋಡಿದರೆ ಲೋಹ ಲೋಹಕ್ಕೆ ಅಂಟಿದ ಗುರುತೇ ಇರಲಿಲ್ಲ, ಇಸ್ತ್ರಿ ಮಾಡಿದಷ್ಟು ನುಣುಪು. ಆ ಕಂಬದ ನೇರಕ್ಕೆ ಕೆಳಗೆ ಪಕ್ಕದ ಮನೆಯವರ ಒಗೆಯುವ ಕಲ್ಲು. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ.

"ನಿಂಗೆ ಡೌಟು ಬಂದಿದ್ ಮೂರು ಜಾಯಿಂಟು ಬಿಡು," ಅಂದರು ಅಪ್ಪ. "ನಿಂಗೆ ಗ್ಯಾರಂಟಿ ಇರೋದೇ ನನ್ನ ಸಾಯಿಸೋದು. ಎಲ್ಲಾ ಕತ್ತರ್ಸು."

ಎಲ್ಲ ಕತ್ತರಿಸಿದೆ. ಎರಡು ವಾರ, ನೀರಿಲ್ಲದ ದಿನ ಮಾತ್ರ, ಮೀಟರನ್ನು ಪ್ಲಗ್ಗಿಗೆ ಸಿಕ್ಕಿಸಿಟ್ಟುಕೊಂಡು, ಒಂದೊಂದೇ ಕಂಬ. ಪ್ರತಿಯೊಂದಕ್ಕೂ ಅಪ್ಪನ ಎದುರು ಹತ್ತು ಪೆಟ್ಟು. ನಾಲ್ಕನೆಯದನ್ನು ಎರಡು ಸಲ ತೆಗೆಸಿದರು. ಎರಡನೆಯ ಸಲ ತೆಗೆಸಿದ್ದು ಬರೀ ಹಟಕ್ಕೆ ಎಂದು ನನ್ನ ಅನುಮಾನ.

ಅವರು ಹತ್ತಿದ ಬೆಳಗ್ಗೆ ನಾನು ಹಿಂದೆ, ಹೆಂಡತಿ ಮೇಲೆ. ಅಪ್ಪ ನನ್ನ ಕಂಬಿಯನ್ನು ಮುಟ್ಟಲಿಲ್ಲ. ಇನ್ನೊಂದು ಪಕ್ಕದ ಗೋಡೆಯನ್ನು ಅಂಗೈಯಿಂದ ಒತ್ತುತ್ತಾ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ತಾರಸಿ ತಲುಪಿದರು. ಹೆಂಡತಿ ಇದನ್ನೂ ಒಪ್ಪುವುದಿಲ್ಲ, ಹತ್ತುವಾಗಲೇ ಹಿಡಿದಿದ್ದರು ಎನ್ನುತ್ತಾಳೆ. ಅವಳು ನನ್ನ ಮರ್ಯಾದೆ ಉಳಿಸಲು ಹಾಗೆನ್ನುತ್ತಿರಬಹುದು, ಅವಳಿಗೆ ಆ ಅಭ್ಯಾಸ ಇಲ್ಲದಿದ್ದರೂ.

ಇಳಿಯುವುದು ಹತ್ತಿದಷ್ಟು ಸುಲಭವಲ್ಲ. ಮೇಲಿನ ಮೆಟ್ಟಿಲಲ್ಲಿ ನಿಂತು ಅವರು ಕೆಳಗೆ ನೋಡಿದರು, ಗೋಡೆ ನೋಡಿದರು, ಆಮೇಲೆ ಎರಡೂ ಕೈಯಿಂದ ಕಂಬಿ ಹಿಡಿದು ಇಡೀ ಭಾರ ಅದರ ಮೇಲೆ ಬಿಟ್ಟರು. ನಾನು ಅವರ ಮುಂದೆ, ಹಿಮ್ಮುಖವಾಗಿ, ಕೈ ಚಾಚಿಕೊಂಡು ಇಳಿಯುತ್ತಿದ್ದೆ.

"ಪಕ್ಕಕ್ ಸರಿಯೋ," ಅಂದರು. "ನೀನ್ ಬಿದ್ರೆ ಹಿಡ್ಕೊಳಕ್ಕೆ ನಂಗೆ ಕೈ ಖಾಲಿ ಇಲ್ಲ."