ಹಿತ್ತಿಲ ಬಾಗಿಲು

ಬುದ್ಧಿಯ ಬೆಳವಣಿಗೆ ನಿಧಾನವಾದ ಆರು ಗಂಡಸರಿದ್ದ ಮನೆ ಅದು. ಅವರನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಆ ಆರು ಜನರಲ್ಲಿ ಒಬ್ಬನಾದ, ಹೆಚ್ಚುಕಡಿಮೆ ಅವಳದೇ ವಯಸ್ಸಿನ ದೊರೆಯೂ ಹಾಗೇ ಕರೆಯುತ್ತಿದ್ದ. ದೊರೆ ಎಂಬುದು ಅವಳೇ ಇಟ್ಟ ಹೆಸರು. ಊಟಕ್ಕೂ ಮೂರು ಸಲ ಕರೆಸಿಕೊಂಡೇ ಏಳುವ ಗತ್ತು ಅವನದು.

ಯಾರಿಗೆ ಏನೇ ಪೆಟ್ಟಾಗಲಿ, ಕಂಡವರು ಅದೇ ದಿನ ವರದಿ ಕೊಡಬೇಕೆಂಬುದು ಮನೆ ನಡೆಸುವ ಸಂಸ್ಥೆಯ ನಿಯಮ. ನಿಯಮ ತಪ್ಪಲ್ಲ. ಹಿಂದೆ ಕೆಲಸದವಳೊಬ್ಬಳು ಒಬ್ಬ ಮುದುಕನ ತಲೆಗಾದ ಪೆಟ್ಟನ್ನು ಮುಚ್ಚಿಟ್ಟು, ಚೆನ್ನಾಗಿ ಓಡಾಡಿಕೊಂಡಿದ್ದ ಅವನು ಹಾಸಿಗೆ ಹಿಡಿದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಆದರೆ ವರದಿ ತಲುಪಿದ ಮೇಲೆ ಮೇಲಿನವರು ಮಾಡುತ್ತಿದ್ದುದು ನೆಗಡಿ ಬಂತೆಂದು ಮೂಗು ಕೊಯ್ಯುವ ಕೆಲಸ. ದೊರೆ ಚಹಾ ಸೋಸುವಾಗ ಬೆರಳು ಸುಟ್ಟುಕೊಂಡ. ಅಡುಗೆಮನೆಗೆ ಬೀಗ ಬಿತ್ತು. ಮೆಟ್ಟಿಲಲ್ಲಿ ಜಾರಿದ, ಮಹಡಿಗೂ ಬೀಗ. ಎರಡೂ ಸಲ ವರದಿ ಕೊಟ್ಟವಳು ಅಕ್ಕನೇ. ನಿಜ ಹೇಳಿದವಳಿಗೆ ಶಾಭಾಸ್, ಬಿದ್ದವನಿಗೆ ಶಿಕ್ಷೆ! ಇನ್ನು ಅವನಿಗೆ ಉಳಿದದ್ದು ಹಿತ್ತಿಲು, ಅಲ್ಲಿ ಅವನೇ ಬೆಳೆಸಿದ ಟೊಮೆಟೊ ಗಿಡಗಳು.

ಅವತ್ತು ಗಿಡಕ್ಕೆ ನೀರು ಹಾಕುತ್ತಾ ದೊರೆ ಮುಗ್ಗರಿಸಿದ. ಮೊಣಕಾಲು ತರಚಿತು, ಅಷ್ಟೇ.

"ನೋಡ್ಕೊಂಡು ನಡಿಯೋಕೆ ಏನೋ ಕಷ್ಟ ನಿಂಗೆ?" ಎಂದು ಬೈಯುತ್ತಲೇ ಅಕ್ಕ ಗಾಯ ತೊಳೆದಳು. ಹೇಳಿದರೆ ಅವನ ಹಿತ್ತಿಲು ಹೋಗುತ್ತದೆ. ಹೇಳದೆ ಸಿಕ್ಕಿಬಿದ್ದರೆ ತನ್ನ ಕೆಲಸ ಹೋಗುತ್ತದೆ; ಮನೆಯಲ್ಲಿ ಅತ್ತೆ, ಮಗಳು ಇಬ್ಬರೂ ನೆಚ್ಚಿಕೊಂಡಿರುವುದು ಅದೊಂದನ್ನೇ. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಮೇಲ್ವಿಚಾರಕಿಯ ಫೋನ್ ಬಂತು. ದಿನವೂ ಕೇಳುವ ಪ್ರಶ್ನೆ: "ಇವತ್ತೇನಾದ್ರೂ ಆಯ್ತೇನಮ್ಮಾ?"

ಅಕ್ಕ ಒಳಕೋಣೆಗೆ ಹೋಗಿ ನಿಂತಳು. ಆ ಮುದುಕನ ಮುಖ ಕಣ್ಣ ಮುಂದೆ ಬಂತು. ಆದರೆ ಇದು ತಲೆಯಲ್ಲ, ಬರೀ ಮೊಣಕಾಲು.

"ಏನೂ ಇಲ್ಲ ಮೇಡಂ," ಎಂದಳು.

ಕೆಲಸಕ್ಕೆ ಸೇರಿದ ಮೇಲೆ ಅವಳು ಹೇಳಿದ ಮೊದಲ ಸುಳ್ಳು ಅದು. ಆದರೂ ಒಳಗೊಳಗೇ ಖುಷಿಯಾಯಿತು. ಒಂದು ಬಾಗಿಲಾದರೂ ಉಳಿಯಿತಲ್ಲ.

ಕೋಣೆಯಿಂದ ಹೊರಗೆ ಬಂದು ನೋಡಿದರೆ ದೊರೆ ಹಿತ್ತಿಲ ಬಾಗಿಲು ಮುಚ್ಚಿ, ಚಿಲಕ ಹಾಕಿ, ಖಾಲಿ ನೀರಿನ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಾಕೋ ಹಾಕ್ದೆ?"

"ಬಿದ್ದೆ," ಎಂದ ದೊರೆ. "ಬಾಗ್ಲು ಹಾಕ್ಬೇಕು."

"ಬೇಡ ಕಣೋ. ನಾನು ಯಾರಿಗೂ ಹೇಳಿಲ್ಲ," ಎಂದು ಅಕ್ಕ ಚಿಲಕ ತೆಗೆದು ಬಾಗಿಲನ್ನು ಅಗಲವಾಗಿ ತೆರೆದಳು.

ದೊರೆ ಕುಂಟುತ್ತಾ ಎದ್ದು ಬಂದು ಮತ್ತೆ ಚಿಲಕ ಹಾಕಿದ.