ಸತ್ತವರ ಹಾಜರಿ

ನನ್ನ ಮಾವ ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಹೋದ ಸೋಮವಾರ ಮಟಮಟ ಮಧ್ಯಾಹ್ನ ಒಂದು ಹುಡುಗಿ ಅವರ ಹೆಸರು ಕೂಗಿದಳು. ಅವರು "ಓ" ಅಂದರು.

ನಗಬೇಡಿ. ದೆವ್ವ ಗಿವ್ವ ಅಂದವರಿಗೆ ಪೊರಕೆ ತೋರಿಸುವವಳು ನಾನು, ನಿಮಗೇ ಗೊತ್ತು. ಆದರೆ ಕೇಳಿಸಿದ್ದು ಕೇಳಿಸಿತು. ಏನು ಮಾಡಲಿ?

ಆ ಹುಡುಗಿಯ ಹೆಸರು ನಯನಾ. ಬೆಂಗಳೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಓದುತ್ತಾಳೆ. ಮಾಗಡಿ ಕಡೆಯ ತಿಪ್ಪಸಂದ್ರದ ಹತ್ತಿರದ ನಮ್ಮೂರಿಗೆ ಜೊತೆಯವರ ಸಂಗಡ ಕ್ಯಾಂಪಿಗೆ ಬಂದಿದ್ದಳು. ಕರೆತಂದವರು ಅವರ ಟೀಚರ್ ಶೈಲಜಾ ಮೇಡಂ. ಅನ್ಯಾಯ ಕಂಡ ಕಡೆ ಜನರ ಜೊತೆ ನಿಲ್ಲುವ ಲೀಡರುಗಳನ್ನು ತಯಾರು ಮಾಡುವುದೇ ಅವರ ಕೆಲಸವಂತೆ. (ಲೀಡರುಗಳನ್ನು ಯಾರಾದರೂ ತಯಾರು ಮಾಡುತ್ತಾರೆಯೇ? ನಾನು ನೋಡಿದವರೆಲ್ಲ ಕಳೆಯ ಹಾಗೆ ತಾವಾಗಿಯೇ ಹುಟ್ಟಿಕೊಂಡವರು.)

ಮೊದಲೆರಡು ದಿನ ಮಕ್ಕಳು ಮನೆಮನೆಗೆ ಬಂದು ಕಕ್ಕಸು ಇದೆಯಾ, ಗ್ಯಾಸ್ ಇದೆಯಾ ಎಂದು ಬರೆದುಕೊಂಡರು. ಇದೂ ಒಂದು ಪಿಕ್ನಿಕ್ಕು ಅಂದುಕೊಂಡೆ. ಆಮೇಲೆ ಪಂಚಾಯ್ತಿ ಗೋಡೆಯ ನೋಟೀಸು ಮೇಡಂ ಕಣ್ಣಿಗೆ ಬಿತ್ತು.

ಬಿಡದಿ ಕಡೆಯ ಫ್ಯಾಕ್ಟರಿಗಳು ಹಬ್ಬಿ ಹಬ್ಬಿ ಈಗ ನಮ್ಮ ಬದುವಿಗೇ ಬಂದಿವೆ. ಊರಿನ ಮೂಡಲ ಕಡೆಯ ಜಮೀನೆಲ್ಲ ಕೈಗಾರಿಕೆಗೆ ಬೇಕು, ತಕರಾರಿದ್ದರೆ ಗುರುವಾರ ಮಾಗಡಿಗೆ ಬಂದು ಹೇಳಿ ಎಂದು ಬರೆದಿತ್ತು. ಅದರಲ್ಲಿ ನಮ್ಮ ಮೂರು ಎಕರೆಯೂ ಇದೆ. ರಾಗಿ, ಅವರೆ, ಎರಡು ಹುಣಸೆ ಮರ. ಅದು ಬಿಟ್ಟರೆ ನನಗೂ ನನ್ನ ಸೊಸೆಗೂ ಬೇರೆ ಊಟವಿಲ್ಲ.

"ವಿಚಾರಣೆ ಹೇಗೆ ನಡೆಯುತ್ತೆ ಅಂತ ಊರವರಿಗೆ ಆಡಿ ತೋರಿಸೋಣ. ನಯನಾ, ನೀನೇ ಆಫೀಸರ್" ಎಂದರು ಮೇಡಂ.

ಸ್ಕೂಲಿನ ಗೋಡೆಗೆ ಬೆನ್ನು ಕೊಟ್ಟು ನಾವು ಒಂದಿಷ್ಟು ಜನ ಕೂತೆವು. ಎದುರಿಗೆ ಬೇವಿನ ಮರದ ಕೆಳಗೆ ಮೇಜು. ನಯನಾ ನೋಟೀಸು ಹಿಡಿದು ಹೆಸರು ಕೂಗತೊಡಗಿದಳು.

"ಕರಿಯಪ್ಪ ಬಿನ್ ಲಿಂಗಪ್ಪ."

ಯಾರೂ ಉಸಿರೆತ್ತಲಿಲ್ಲ.

"ಲಕ್ಕಮ್ಮ ಕೋಂ ಬೋರಯ್ಯ."

ಇಲ್ಲ.

ಕರಿಯಪ್ಪ ಹಾವು ಕಚ್ಚಿ ಸತ್ತವನು. ಲಕ್ಕಮ್ಮ ಬಾಣಂತನದಲ್ಲಿ ಹೋದವಳು. ಅವಳ ಮುಂದಿನ ಹೆಸರಿನವನು ಬಾವಿಗೆ ಬಿದ್ದವನು. ನಮ್ಮ ಕಡೆ ಖಾತೆ ಬದಲಾಯಿಸಬೇಕೆಂದರೆ ಅಣ್ಣತಮ್ಮಂದಿರು ಕೂತು ಭಾಗ ಮಾಡಿಕೊಳ್ಳಬೇಕು. ಭಾಗ ಅಂದರೆ ಜಗಳ. ಅದಕ್ಕೇ ಪಹಣಿಯಲ್ಲಿ ಸತ್ತವರನ್ನು ಹಾಗೇ ಬಿಟ್ಟಿದ್ದೇವೆ. ಆ ಹುಡುಗಿಗೆ ಇದೇನು ಗೊತ್ತು? ಕ್ಲಾಸಿನಲ್ಲಿ ಹಾಜರಿ ಕೂಗುವ ಹಾಗೆ ಕೂಗುತ್ತಲೇ ಹೋದಳು. ಒಂದೊಂದು ಹೆಸರಿಗೂ ಒಂದೊಂದು ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಒಂದೆಲೆ ಅಲ್ಲಾಡುತ್ತಿರಲಿಲ್ಲ. ಮೇಜಿನ ಕೆಳಗೆ ಮಲಗಿದ್ದ ನಾಯಿ ಎದ್ದು, ಬಾಲ ಮುದುರಿಕೊಂಡು ಹೊರಟುಹೋಯಿತು.

"ಹುಚ್ಚೇಗೌಡ ಬಿನ್ ಚಿಕ್ಕೇಗೌಡ."

"ಓ."

ಬೆನ್ನ ಹಿಂದಿನಿಂದ ಬಂತು. ಕಫ ಕಟ್ಟಿದ, ಹೊಗೆಸೊಪ್ಪಿನ ಗಂಟಲು. ನನ್ನ ಮಾವನದೇ. ಎಲ್ಲರೂ ತಿರುಗಿದೆವು. ಗೋಡೆ ಬಿಟ್ಟರೆ ಅಲ್ಲಿ ಏನಿತ್ತು?

ನಯನಾ ಖುಷಿಯಾಗಿ ಟಿಕ್ ಹಾಕಿ, "ಹುಚ್ಚೇಗೌಡರು ಯಾರು? ಕೈ ಎತ್ತಿ" ಎಂದಳು.

ಕರಿಯಪ್ಪನ ಮಗ ನಿಂಗಣ್ಣ ನನ್ನ ಪಕ್ಕದಲ್ಲೇ ಕೂತಿದ್ದ. ಬೆವರು ಒರೆಸಿಕೊಂಡು, "ಅವ್ರು ಕೈ ಎತ್ತುದ್ರೆ ನಾವ್ಯಾರೂ ಇಲ್ಲಿರಾಕಿಲ್ಲ ಕಣವ್ವ. ಅವ್ರುನ್ನ ಮಣ್ ಮಾಡಿ ಬಂದೋರೇ ನಾವು" ಅಂದ.

ಹುಡುಗಿಯ ಕೈಯಿಂದ ಪೆನ್ನು ಜಾರಿತು.

ಲಿಸ್ಟಿನವರೆಲ್ಲ ಸತ್ತವರೇ ಎಂದು ಗೊತ್ತಾಗಿ ಮೇಡಂ ಎದ್ದು ಬಂದರು. "ಅವರ ಮಕ್ಕಳು, ಸೊಸೆಯಂದಿರು ಇಲ್ಲೇ ಇದ್ದೀರಲ್ಲ? ಬಂದಿದ್ದೀವಿ ಅಂತ ನೀವು ಯಾಕೆ ಹೇಳಲಿಲ್ಲ?"

"ಒಂದೇ ಸಲಕ್ಕೆ ಓ ಅನ್ನಾದುಂಟಾ ಮೇಡಮ್ಮೋರೆ?" ಅಂದ ನಿಂಗಣ್ಣ. "ಮೂರು ಸಲ ಕೂಗುದ್ರೆ ಮನುಷ್ರು. ಒಂದೇ ಸಲ ಕೂಗುದ್ರೆ ಅದು ಬ್ಯಾರೇದು. ಓ ಅಂದೋರ್ನ ಕರ್ಕಂಡೇ ಹೋಯ್ತದೆ. ಅದ್ರಲ್ಲೂ ಸತ್ತೋರ್ ಹೆಸ್ರಿಗೆ?"

ಮೇಡಂ ನಗಲಿಲ್ಲ. ಮೂಢನಂಬಿಕೆ ಎಂದು ಭಾಷಣವನ್ನೂ ಬಿಗಿಯಲಿಲ್ಲ. (ಆವಾಗ ನನಗೆ ಒಸಿ ಹಿಡಿಸಿದರು.) "ಅಲ್ಲಿ ಒಂದೇ ಸಲ ಕೂಗೋದು. ಓ ಅನ್ನದಿದ್ದರೆ ಗೈರು, ತಕರಾರಿಲ್ಲ ಅಂತ ಬರೆದು ಮುಂದೆ ಹೋಗ್ತಾರೆ" ಎಂದರಷ್ಟೆ.

"ಇವರ ಪರವಾಗಿ ನಾವೇ ಮಾತಾಡ್ತೀವಿ ಮೇಡಂ" ಎಂದಳು ನಯನಾ.

"ಬೇಡ. ನೀನು ಮಾತಾಡಿದರೆ ನಿನಗೆ ಮಾರ್ಕ್ಸ್ ಬರುತ್ತೆ, ಇವರ ಜಮೀನು ಹೋಗುತ್ತೆ. ಹಿಂದೆ ನಿಂತುಕೊಳ್ಳೋದನ್ನ ಮೊದಲು ಕಲಿ."

ಲೀಡರುಗಳಿಗೆ ಹೀಗೂ ಪಾಠ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಎರಡು ದಿನ ಆ ಮಕ್ಕಳು ನಮ್ಮ ಜಗಲಿಗಳ ಮೇಲೆ ಕೂತು ವಂಶವೃಕ್ಷ ಬರೆದರು, ತಕರಾರು ಅರ್ಜಿ ಬರೆದರು. ಬರೆಯುವುದನ್ನು ಯಾರಾದರೂ ಬರೆದುಕೊಡಬಹುದು. ಓಗೊಡುವವರು?

ಗುರುವಾರ ಬಸ್ಸು ಹತ್ತಿ ಮಾಗಡಿಗೆ ಹೋದೆವು. ವಿಚಾರಣೆಯ ಕೋಣೆಯಲ್ಲಿ ಕರೆಂಟಿರಲಿಲ್ಲ. ಮಕ್ಕಳು, ಮೇಡಂ ಹಿಂದಿನ ಗೋಡೆಗೆ ಒರಗಿ ನಿಂತರು. ಆಫೀಸರು ಇನ್ನೂ ಚಿಕ್ಕ ವಯಸ್ಸಿನವರು. ತಲೆ ಎತ್ತದೆ ಕೂಗಿದರು.

"ಕರಿಯಪ್ಪ ಬಿನ್ ಲಿಂಗಪ್ಪ."

ನಿಂಗಣ್ಣನ ಬಾಯಿ ತೆರೆಯಿತು. ಮುಚ್ಚಿತು.

"ಗೈರು. ಲಕ್ಕಮ್ಮ ಕೋಂ ಬೋರಯ್ಯ... ಗೈರು."

ತಿರುಗಿ ನೋಡಿದೆ. ಮೇಡಂ ತುಟಿ ಕಚ್ಚಿಕೊಂಡು ನಿಂತಿದ್ದರು. ಮುಂದೆ ಬರಲಿಲ್ಲ. ಬಾಯಿ ಬಿಡಲು ಹೋದ ನಯನಾಳ ತೋಳು ಹಿಡಿದುಕೊಂಡಿದ್ದರು.

"ಹುಚ್ಚೇಗೌಡ ಬಿನ್ ಚಿಕ್ಕೇಗೌಡ."

ಹಿಂದಿನಿಂದ ಮಾವನ ದನಿ ಬರಬಹುದೇನೋ ಎಂದು ಒಂದು ಉಸಿರು ಕಾದೆ. ಬರಲಿಲ್ಲ. ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು.

ಎದ್ದೆ. ಯಾರೋ ತಣ್ಣನೆಯ ಕೈಯನ್ನು ಕತ್ತಿನ ಮೇಲೆ ಇಟ್ಟ ಹಾಗಾಯಿತು. ಮಾವನ ಹೆಸರನ್ನು ಒಂದು ದಿನವೂ ಬಾಯಲ್ಲಿ ಎತ್ತದ ಸೊಸೆ ನಾನು. ಆ ಹೆಸರಿಗೇ "ಓ" ಅಂದೆ. ನನ್ನ ಬಾಯಿಂದ ಬಂದದ್ದು ಕಫ ಕಟ್ಟಿದ ದನಿ.

ನಿಂಗಣ್ಣ ದಡಕ್ಕನೆ ಎದ್ದ. "ಕರಿಯಪ್ಪನ್ ಮಗ ನಾನಿವ್ನಿ ಸ್ವಾಮಿ! ಆ ಗೈರು ಹೊಡ್ದಾಕಿ!" ಲಕ್ಕಮ್ಮನ ಮಗಳು ಎದ್ದಳು. ಆಮೇಲೆ ಕೂಗಿದ ಒಂದು ಹೆಸರೂ ಖಾಲಿ ಹೋಗಲಿಲ್ಲ. ಎಲ್ಲರ ತಕರಾರೂ ದಾಖಲಾಯಿತು. ಜಮೀನು ಉಳಿಯುತ್ತದೋ ಇಲ್ಲವೋ, ಇನ್ನೂ ಗೊತ್ತಿಲ್ಲ.

ಕೊನೆಗೆ ಆಫೀಸರು ಪೆನ್ನು ಕೆಳಗಿಟ್ಟು ನಕ್ಕರು. "ಏನಜ್ಜಿ, ಲಿಸ್ಟಲ್ಲಿ ಇರೋರೆಲ್ಲ ಸತ್ತಿದ್ದಾರೆ. ಸತ್ತವರಿಗೆ ಜಮೀನು ಯಾಕೆ?"

"ಹೆಸ್ರು ಹಿಡ್ದು ಕರ್ಸಿದೋರು ನೀವು ಸ್ವಾಮಿ" ಅಂದೆ ನಾನು. "ಅವ್ರು ಬಂದವ್ರೆ. ಇನ್ನು ವಾಪಸ್ ಕಳ್ಸೋರ್ ಯಾರು?"