ಅಂಜೂರದ ಗಿಡಕ್ಕೆ ನೀರು ಹಾಕಿದವರು

ನಾನಿನ್ನೂ ಲಂಗದ ಅಂಚು ಎಡವಿ ಬೀಳುವಷ್ಟು ಚಿಕ್ಕವಳಿದ್ದಾಗ, ಕುದೇರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಅಂಜೂರದ ಗಿಡವಿತ್ತು. ಗಂಜಾಮಿನಲ್ಲಿ ತೋಟ ಮಾಡಿಕೊಂಡಿದ್ದ ಮಾವ, ಅಂದರೆ ಅವ್ವನ ತಮ್ಮ, ಅದರ ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಟ್ಟಿದ್ದರು. ನಮ್ಮ ಕಪ್ಪು ಎರೆಮಣ್ಣಿನಲ್ಲಿ ಅದು ಮೂರು ವರ್ಷ ಬರೀ ಎಲೆ ಬಿಟ್ಟುಕೊಂಡು ನಿಂತಿತ್ತು. ಎಲೆ ಬೆಕ್ಕಿನ ನಾಲಿಗೆಯಷ್ಟು ಒರಟು. ಮುರಿದರೆ ಹಾಲು ಬಂದು ಬೆರಳಿಗೆ ಅಂಟುತ್ತಿತ್ತು. ನಾಲ್ಕನೆಯ ವರ್ಷ ಮೊದಲ ಸಲ ಕಾಯಿ ಕಟ್ಟಿತು.

ಅದೇ ವರ್ಷ ಅಕ್ಕನಿಗೆ ದೊಡ್ಡ ಜ್ವರ ಬಂದಿತ್ತು. ಜ್ವರ ಬಿಟ್ಟು ತಿಂಗಳಾದರೂ ಅವಳು ಹಾಸಿಗೆ ಬಿಟ್ಟಿರಲಿಲ್ಲ. ಹಗಲೆಲ್ಲ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಅಂಜೂರದ ಹಣ್ಣು ತಿನ್ನಿಸಿ, ಮೈಗೆ ರಕ್ತ ಬರುತ್ತದೆ ಎಂದು ಚಾಮರಾಜನಗರದ ಪಂಡಿತರು ಹೇಳಿದ್ದರು. ಹಿತ್ತಿಲಲ್ಲೇ ಇದೆಯಲ್ಲ ಎಂದು ಅಪ್ಪನ ಮುಖ ಅರಳಿತ್ತು.

ನನಗೂ ಹೆಮ್ಮೆ. ಸ್ಕೂಲಿನ ಗೆಳತಿಯರನ್ನು ಕರೆತಂದು, ಒಂದೊಂದೇ ಕಾಯಿಗೆ ಬೊಟ್ಟು ಮಾಡಿ ಎಣಿಸಿ ತೋರಿಸಿದೆ. ಈಚುಗಾಯಿಗೆ, ಅಂದರೆ ಆಗಷ್ಟೇ ಕಟ್ಟಿದ ಎಳೆಗಾಯಿಗೆ, ಬೊಟ್ಟು ಮಾಡಿದರೆ ಅದು ನಿಲ್ಲುವುದಿಲ್ಲ, ಮರೆತು ಮಾಡಿದರೆ ತಕ್ಷಣ ಬೆರಳು ಕಚ್ಚಿಕೊಳ್ಳಬೇಕು ಎನ್ನುವುದು ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತಿತ್ತು. ನಾನು ಕಚ್ಚಿಕೊಳ್ಳುವುದನ್ನು ಮರೆತೇಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ನೆನಪಾಗಿ ಹತ್ತೂ ಬೆರಳು ಕಚ್ಚಿಕೊಂಡೆ.

ನಾಲ್ಕು ದಿನಕ್ಕೆ ಕಾಯಿ ಉದುರತೊಡಗಿದವು. ಹಸಿರಾಗಿಯೇ, ಗಟ್ಟಿಯಾಗಿಯೇ. ಅಪ್ಪ ಒಂದನ್ನು ಹೆಚ್ಚಿ ನೋಡಿದರು. ಹುಳುವಿಲ್ಲ, ಕೊಳೆತಿಲ್ಲ. ಹಾಗಾದರೆ ಯಾಕೆ? ಬೂದಿ ಹಾಕಿ ಎಂದರು ಪಕ್ಕದ ಮನೆಯವರು. ಹಾಕಿದೆವು, ಮತ್ತೂ ಉದುರಿದವು. ದೃಷ್ಟಿಯಾಗಿದೆ, ಹರಿದ ಚಪ್ಪಲಿ ಕಟ್ಟಿ ಎಂದರು ಎದುರು ಮನೆಯವರು. ಕಟ್ಟಿದೆವು, ಚಪ್ಪಲಿಯ ಕೆಳಗೇ ಮೂರು ಬಿದ್ದಿದ್ದವು. ಬೆಳಿಗ್ಗೆ ಅಪ್ಪ, ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು ಬಿದ್ದ ಕಾಯಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ತಿಪ್ಪೆಗೆ ಹಾಕಿ ಬರುತ್ತಿದ್ದರು. ನನ್ನ ಬೆರಳು ಕಾಯಿ ಉದುರಿಸುತ್ತಿದೆಯೋ, ಅಕ್ಕನನ್ನೇ ಉದುರಿಸುತ್ತಿದೆಯೋ ತಿಳಿಯದೆ ಕೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ತಪ್ಪಿಗೆಂದು ದಿನಾ ಸ್ಕೂಲಿನಿಂದ ಬಂದವಳೇ ಗಿಡಕ್ಕೆ ಒಂದು ಬಿಂದಿಗೆ ನೀರು ಸುರಿಯುತ್ತಿದ್ದೆ.

ಒಂದು ಭಾನುವಾರ ಮಾವ ಬಂದರು. ಕೈಕಾಲು ತೊಳೆದು, ಮಜ್ಜಿಗೆ ಕುಡಿದು ಹಿತ್ತಿಲಿಗೆ ಹೋದರು. ನಾವೆಲ್ಲ ಹಿಂದೆಯೇ ಹೋದೆವು. ಅಕ್ಕನೂ ಬಾಗಿಲಿಗೆ ಬಂದು ಒರಗಿದ್ದನ್ನು ಯಾರೂ ಗಮನಿಸಲಿಲ್ಲ. ಮಾವ ಎಲೆ ನೋಡಲಿಲ್ಲ, ಕಾಯಿ ನೋಡಲಿಲ್ಲ. ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಮೂಸಿದರು. ಮಣ್ಣು ನಾರುತ್ತಿತ್ತು.

“ಯಾರು ನೀರು ಉಯ್ಯೋರು?” ಎಂದು ಕೇಳಿದರು.

ಕಾಯಿ ಕಟ್ಟಿದಾಗಿನಿಂದ ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ನಾಲ್ಕು ಕೊಡ ಹಾಕುತ್ತೇನೆ ಎಂದರು ಅಪ್ಪ. ಅವ್ವ ಅವರ ಮುಖ ನೋಡಿದಳು. ಮಧ್ಯಾಹ್ನ ಅವಳೂ ಎರಡು ಕೊಡ ಹಾಕುತ್ತಿದ್ದಳಂತೆ. ನಾನು ತಲೆ ತಗ್ಗಿಸಿ ನನ್ನ ಬಿಂದಿಗೆಯ ಕಥೆ ಹೇಳಿದೆ. ಹೇಳಹೇಳುತ್ತಲೇ ಬೊಟ್ಟು ಮಾಡಿದ್ದೂ ಬಾಯಿಂದ ಬಂದುಬಿಟ್ಟಿತು. ಜೋರಾಗಿ ಅತ್ತುಬಿಟ್ಟೆ.

ಅಪ್ಪ ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದರು. “ಇಷ್ಟುದ್ದ ಬೆರಳಿಗೆ ಅಷ್ಟೊಂದು ಶಕ್ತಿ ಎಲ್ಲಿಂದ ಬಂದದವ್ವ? ಬುಡು, ಅಳ್ಬೇಡ” ಎಂದರು.

“ಗಿಡ ಮುಳುಗ್ತಾ ಅದೆ ಕಣ್ ಬಾವ,” ಎಂದರು ಮಾವ. “ಬೇರು ಉಸ್ರಾಡಕ್ಕೂ ಎಡೆ ಇಲ್ದಂಗೆ ಮಾಡ್ಬುಟ್ಟಿದ್ದೀರಿ.”

ಆಗ ಬಾಗಿಲ ಕಡೆಯಿಂದ ಮೆಲ್ಲಗೆ ದನಿ ಬಂತು. “ಸಾಯಂಕಾಲ ನಾನೂ ಒಂದು ಚೆಂಬು ಉಯ್ತೀನಿ.”

ಎಲ್ಲರೂ ತಿರುಗಿದೆವು. ಬಾವಿಕಟ್ಟೆಯಿಂದ ಗಿಡಕ್ಕೆ ಇಪ್ಪತ್ತು ಹೆಜ್ಜೆಯಾದರೂ ಇತ್ತು.

“ನೀನು ಎದ್ದು ಓಡಾಡ್ತಿದ್ದೀಯೇನಮ್ಮಿ?” ಎಂದಳು ಅವ್ವ.

“ಊ ಕಣವ್ವ. ಮೊದಮೊದ್ಲು ಗೋಡೆ ಇಡ್ಕೊಂಡು ಓಗ್ತಿದ್ದೆ. ಈಗ ಸುಮ್ನೆ ಓಗ್ತೀನಿ. ಹೇಳುದ್ರೆ ನೀನು ಬಯ್ತೀಯ ಅಂತ ಹೇಳ್ನಿಲ್ಲ.”

ಅಪ್ಪ ದಿನಾ ಟವೆಲಿನಲ್ಲಿ ಕಾಯಿ ಬಚ್ಚಿಟ್ಟುಕೊಂಡು ಹೋಗುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳಂತೆ. ಅವರ ಸಂಕಟ ನೋಡಲಾರದೆ ಎದ್ದಿದ್ದಳು. ಅವ್ವ ನಗಬೇಕೋ ಗದರಬೇಕೋ ತೋಚದೆ, ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಮಾವ ನೀರು ಬಸಿದುಹೋಗಲು ಕಾಲುವೆ ತೆಗೆದರು. ವಾರಕ್ಕೊಮ್ಮೆ, ಅದೂ ಒಬ್ಬರೇ, ನೀರು ಹಾಕಬೇಕೆಂದು ಕಟ್ಟುನಿಟ್ಟು ಮಾಡಿದರು. ಆಮೇಲೂ ಕೆಲವು ಕಾಯಿ ಬಿದ್ದವು. ಒಂಬತ್ತು ನಿಂತು, ಮೆತ್ತಗಾಗಿ, ನೇರಳೆ ಬಣ್ಣಕ್ಕೆ ತಿರುಗಿದವು. ಅಷ್ಟರಲ್ಲಿ ಅಕ್ಕ ರಾಗಿ ಬೀಸುವಷ್ಟು ಗಟ್ಟಿಯಾಗಿದ್ದಳು. ಹಣ್ಣನ್ನು ಅವಳೇ ಕಿತ್ತು ನಮಗೆಲ್ಲ ಹಂಚಿದಳು.

ಮಕ್ಕಳೇ, ನಿಮ್ಮ ಬಾಲ್ಕನಿಯ ಕುಂಡದಲ್ಲಿ ಎಲೆ ಹಳದಿಯಾದರೆ ನೀವು ಫೋನಿಗೆ ತೋರಿಸುತ್ತೀರಿ, ಅದು ಕಾರಣ ಹೇಳುತ್ತದೆ. ನಿಮ್ಮಪ್ಪ ಎಲ್ಲಿದ್ದಾನೆ, ಅಮ್ಮ ಎಷ್ಟು ಹೊತ್ತಿಗೆ ಬರುತ್ತಾಳೆ ಎಲ್ಲವೂ ಅದರಲ್ಲೇ ತಿಳಿಯುತ್ತದೆ. ನಾವು ಒಂದೇ ಸೂರಿನ ಕೆಳಗಿದ್ದೂ, ಯಾರು ಏನು ಮಾಡುತ್ತಿದ್ದಾರೆಂದು ತಿಳಿಯದೆ ಒಂದು ಗಿಡವನ್ನು ಮುಳುಗಿಸಿದೆವು. ನಿಮ್ಮ ಕಾಲವೇ ಸಲೀಸು, ಒಪ್ಪುತ್ತೇನೆ. ಆದರೂ ಎಂದಾದರೂ, ಇದೆಲ್ಲ ನನ್ನಿಂದಲೇ ಆಯಿತೇನೋ ಎಂದು ಹೊಟ್ಟೆಯೊಳಗೆ ಭಯ ಹುಟ್ಟಿದರೆ, ಅದನ್ನು ಫೋನಿಗೆ ಕೇಳಬೇಡಿ. ನನ್ನ ಹತ್ತಿರ ಬಂದು ಹೇಳಿ.